ಓಜಿ ತಂಡದ ಎರಡು ಟಿಐ ಗೆಲುವು: ಅದೃಷ್ಟವೋ, ಆಟವೋ?

ಪ್ರಶ್ನೆ: ಐವರು ಐವರ ಎದುರು ಆಡುವ ಕಂಪ್ಯೂಟರ್ ಆಟ ಡೋಟಾ 2ರ ಓಜಿ ತಂಡ ಮೇಜರ್ ಎಂಬ ದೊಡ್ಡ ಟೂರ್ನಿಗಳನ್ನು ಸಾಲಾಗಿ ಗೆಲ್ಲುತ್ತಿದ್ದಾಗ ಆ ಆಟದ ಅತಿ ದೊಡ್ಡ ವಾರ್ಷಿಕ ಟೂರ್ನಿ ದಿ ಇಂಟರ್‌ನ್ಯಾಷನಲ್ ಅಂದರೆ ಟಿಐಯಲ್ಲಿ ಮುಗ್ಗರಿಸಿತು. 2018ರಲ್ಲಿ ಇಬ್ಬರು ಆಟಗಾರರು ಬಿಟ್ಟುಹೋಗಿ ತಂಡ ಚದುರಿದ ಮೇಲೆ ಟಿಐ ಗೆದ್ದಿತು, ಮರುವರ್ಷ ಮತ್ತೆ ಗೆದ್ದಿತು. ಅದಾದಮೇಲೆ ಆ ಮಟ್ಟ ಮುಟ್ಟಲೇ ಇಲ್ಲ. ಇದು ಅದೃಷ್ಟವೇ? ಎಲ್ಲರೂ ಹೇಳುವ ಹಾಗೆ ಗೆಳೆತನವೇ? ಅಥವಾ ಆಟದಲ್ಲೇ ಏನಾದರೂ ಬೇರೆ ಇತ್ತೇ? ಹಳೆಯ ಪಂದ್ಯ ನೋಡಿ ತಿಳಿದುಕೊಳ್ಳಬೇಕಾದರೆ ಎಲ್ಲಿಂದ ಶುರು ಮಾಡಲಿ, ಏನನ್ನು ಗಮನಿಸಲಿ?

ಉತ್ತರ: ಆಟದಲ್ಲೇ ಇತ್ತು. ಅದೃಷ್ಟವೂ ಇತ್ತು, ಆದರೆ ಅದರ ಪಾಲು ಜನ ಹೇಳುವಷ್ಟಿಲ್ಲ. ಗೆಳೆತನದ ಕತೆ ಕೇಳಲು ಚೆಂದ, ವಿವರಣೆಯಾಗಿ ದುರ್ಬಲ. ಸೋತ ತಂಡಗಳಲ್ಲೂ ಗೆಳೆಯರೇ ಇದ್ದರು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಓಜಿ ಎಂಬ ಒಂದೇ ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತಂಡಗಳಿವೆ. ಆರ್‌ಸಿಬಿ ಹೆಸರು ಉಳಿದು ಹನ್ನೊಂದು ಮಂದಿ ಬದಲಾಗುವ ಹಾಗೆಯೇ ಇದು, ಆದರೆ ಇಲ್ಲಿ ಆಡುವವರು ಐದೇ ಜನ. ಇಬ್ಬರು ಹೋದರೆ ತಂಡದ ನಲವತ್ತು ಶೇಕಡಾ ಹೋದಂತೆ. ಹಾಗಾಗಿ ವರ್ಷದ ಪಟ್ಟಿ ಹಿಡಿದು ಓದಿದರೆ ಏನೂ ಅರ್ಥವಾಗುವುದಿಲ್ಲ. ಯಾವ ಐವರು, ಯಾರಿಗೆ ಯಾವ ಪಾತ್ರ ಎಂದು ಹಿಡಿದು ಓದಬೇಕು.

ಆಟದಲ್ಲಿ ಪ್ರತಿಯೊಬ್ಬರೂ ಒಂದೊಂದು ಹೀರೋ ನಡೆಸುತ್ತಾರೆ, ಚಿನ್ನ ಗಳಿಸಿ ವಸ್ತು ಕೊಳ್ಳುತ್ತಾರೆ, ಎದುರಾಳಿಯ ಕೋಟೆ ಕೆಡವಿದವರು ಗೆಲ್ಲುತ್ತಾರೆ. ಪಾತ್ರಗಳ ಲೆಕ್ಕ ಹೀಗೆ: ತಂಡದ ಚಿನ್ನ ಯಾರಿಗೆ ಮೊದಲು ಸಲ್ಲುತ್ತದೆಯೋ ಅವರು 1ನೇ ಸ್ಥಾನ, ಅಂದರೆ ಕ್ಯಾರಿ. 2 ಮಿಡ್ (ನಡು ದಾರಿ, ಅಂದರೆ ನಡು ಲೇನ್), 3 ಆಫ್‌ಲೇನ್ (ಎದುರಾಳಿ ಕ್ಯಾರಿ ಇರುವ ಲೇನ್), 4 ಮತ್ತು 5 ಸಪೋರ್ಟ್ (ನೆರವಿನವರು). 5ನೇ ಸ್ಥಾನದವರು ವಾರ್ಡ್ (ಎದುರಾಳಿಯ ಚಲನೆ ಕಾಣಿಸುವ ಕಾವಲು ಕಣ್ಣು) ಇಟ್ಟು, ಸತ್ತು, ಖಾಲಿ ಜೇಬಿನಲ್ಲಿ ಆಟ ಮುಗಿಸುವವರು. ಈ ಸಂಖ್ಯೆಗಳು ಮುಂದೆ ಬೇಕಾಗುತ್ತವೆ.

ಮೊದಲ ಓಜಿ 2015ರ ಅಕ್ಟೋಬರ್‌ನದು. ಮಂಕಿ ಬಿಸಿನೆಸ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಐವರು ಆ ಹೆಸರು ಬದಲಿಸಿಕೊಂಡರು: ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್ ಅಂದರೆ ನೋಟೇಲ್, ಇಸ್ರೇಲಿನ ಟಾಲ್ ಐಜಿಕ್ ಅಂದರೆ ಫ್ಲೈ, ಜೋರ್ಡಾನಿನ ಮಿರಾಕಲ್, ಡೆನ್ಮಾರ್ಕಿನ ಕ್ರಿಟ್, ಕೆನಡಾದ ಮೂನ್‌ಮಿಯಾಂಡರ್. ನೋಟೇಲ್ ಮತ್ತು ಫ್ಲೈ ಹೀರೋಸ್ ಆಫ್ ನ್ಯೂವರ್ತ್ ಆಡುತ್ತಿದ್ದ ಕಾಲದಿಂದಲೂ ಜೊತೆಗಿದ್ದವರು. ಅರ್ಹತಾ ಸುತ್ತುಗಳನ್ನು ದಾಟಿ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೇಜರ್‌ಗೆ ಹೋದರು, ಲೋವರ್ ಬ್ರಾಕೆಟ್‌ನಿಂದ (ಸೋತರೆ ಹೊರಗೆ ಎನ್ನುವ ಕೆಳಸುತ್ತಿನಿಂದ) ಮೇಲೆದ್ದು ಫೈನಲ್‌ನಲ್ಲಿ ಟೀಮ್ ಸೀಕ್ರೆಟ್ ತಂಡವನ್ನು 3-1ರಿಂದ ಸೋಲಿಸಿದರು. 2016ರ ಜೂನ್‌ನಲ್ಲಿ ಮನಿಲಾ ಮೇಜರ್, ಈ ಬಾರಿ ಟೀಮ್ ಲಿಕ್ವಿಡ್ ಎದುರು 3-1.

ಎರಡು ತಿಂಗಳ ನಂತರ ಸಿಯಾಟಲ್‌ನಲ್ಲಿ ಟಿಐ6. ಗೆಲ್ಲುವ ತಂಡ ಎಂದೇ ಎಲ್ಲರೂ ಎಣಿಸಿದ್ದರು. ಅಪ್ಪರ್ ಬ್ರಾಕೆಟ್‌ನ ಮೊದಲ ಪಂದ್ಯದಲ್ಲಿ ಕೊರಿಯಾದ ಎಂವಿಪಿ ಫೀನಿಕ್ಸ್ ಸೋಲಿಸಿತು, ಕೆಳಗೆ ಬಿದ್ದ ಮೇಲೆ ಫಿಲಿಪ್ಪೀನ್ಸಿನ ಟಿಎನ್‌ಸಿ 2-0ಯಿಂದ ಮನೆಗೆ ಕಳಿಸಿತು. ಸ್ಥಾನ 9ರಿಂದ 12ರ ನಡುವೆ. ಇದನ್ನು ಒತ್ತಡಕ್ಕೆ ಮಣಿದರು ಎಂದು ಬರೆದವರು ಬಹಳ. ಲೆಕ್ಕ ನೋಡಿದರೆ ಅಷ್ಟೇನೂ ಇಲ್ಲ: ಒಳ್ಳೆಯ ತಂಡವೂ ಎರಡು ಕೆಟ್ಟ ಸರಣಿ ಆಡಿದರೆ ಟಿಐ ಮುಗಿದ ಹಾಗೆ. ವರ್ಷವಿಡೀ ಗೆದ್ದದ್ದು ಆ ಎರಡು ದಿನ ಕೈಹಿಡಿಯುವುದಿಲ್ಲ.

ಟಿಐ6 ಮುಗಿದ ಮೇಲೆ ಮಿರಾಕಲ್, ಕ್ರಿಟ್, ಮೂನ್‌ಮಿಯಾಂಡರ್ ಮೂವರೂ ಹೊರಟರು. ಬಂದವರು ಆಸ್ಟ್ರೇಲಿಯಾದ ಅನಾ, ಫಿನ್ಲೆಂಡಿನ ಜೆರಾಕ್ಸ್, ಸ್ವೀಡನ್ನಿನ ಎಸ್4. ಎಸ್4 ಅಷ್ಟರಲ್ಲಾಗಲೇ 2013ರಲ್ಲಿ ಅಲೈಯನ್ಸ್ ತಂಡದಲ್ಲಿ ಟಿಐ ಗೆದ್ದಿದ್ದವರು. ಇದು ಎರಡನೇ ಓಜಿ. ಅನಾ ಮಿಡ್, ನೋಟೇಲ್ ಕ್ಯಾರಿ, ನಾಯಕ ಫ್ಲೈ 5ನೇ ಸ್ಥಾನ. ಡಿಸೆಂಬರ್‌ನಲ್ಲಿ ಬಾಸ್ಟನ್ ಮೇಜರ್‌ನಲ್ಲಿ ಗ್ರೀಸ್‌ನ ಆಡ್ ಫಿನೆಮ್ ಎದುರು 3-1, 2017ರ ಏಪ್ರಿಲ್‌ನಲ್ಲಿ ಕೀವ್ ಮೇಜರ್‌ನಲ್ಲಿ ವರ್ಟಸ್ ಪ್ರೊ ಎದುರು 3-2. ಡೋಟಾ 2 ತಯಾರಿಸಿದ ವಾಲ್ವ್ ಕಂಪನಿ ಆ ಎರಡು ಋತುಗಳಲ್ಲಿ ನಡೆಸಿದ್ದು ಒಟ್ಟು ಐದು ಮೇಜರ್. ಅದರಲ್ಲಿ ನಾಲ್ಕು ಓಜಿಗೆ ಹೋದವು. ಶಾಂಘೈ ಮಾತ್ರ ಸೀಕ್ರೆಟ್ ಪಾಲು. ಟಿಐ7ರಲ್ಲಿ ಮತ್ತೆ ಮುಗ್ಗರಿಸಿ 7-8ನೇ ಸ್ಥಾನ. ಆ ವರ್ಷ ಟಿಐ ಗೆದ್ದದ್ದು ಲಿಕ್ವಿಡ್, ಅದರ ಪರ ಆಡಿದವರಲ್ಲಿ ಮಿರಾಕಲ್ ಒಬ್ಬರು. ಈ ಮಾತನ್ನು ನೆನಪಿಟ್ಟುಕೊಳ್ಳಿ, 2019ಕ್ಕೆ ಬೇಕು.

ಆಮೇಲಿನ ಋತು ಇಳಿಜಾರು. ಅನಾ ವಿಶ್ರಾಂತಿಗೆ ಹೋದರು, ಅವರ ಜಾಗಕ್ಕೆ ರೆಸಲ್ಯೂಷನ್ ಬಂದು 2018ರ ಮಾರ್ಚ್‌ನಲ್ಲಿ ಹೊರಟರು, ತರಬೇತುದಾರರಾಗಿದ್ದ ಫ್ರಾನ್ಸಿನ ಸೆಬಾಸ್ಟಿಯನ್ ಡೆಬ್ಸ್ ಅಂದರೆ ಸೆಬ್ ಅನಿವಾರ್ಯವಾಗಿ ಆಟಕ್ಕಿಳಿದರು. ಮೇ ಕೊನೆಗೆ ಫ್ಲೈ ಮತ್ತು ಎಸ್4 ಇಬ್ಬರೂ ಈವಿಲ್ ಜೀನಿಯಸಸ್ ಸೇರಿದರು. ಟಿಐ8ಕ್ಕೆ ಮೂರು ತಿಂಗಳೂ ಇರಲಿಲ್ಲ.

ನಿಯಮದ ಪೆಟ್ಟು ಬಿದ್ದದ್ದು ಇಲ್ಲಿ. ಗಡುವು ಮೀರಿ ಆಟಗಾರರನ್ನು ಬದಲಿಸಿದ ತಂಡಕ್ಕೆ ಆ ಋತುವಿನಲ್ಲಿ ನೇರ ಆಹ್ವಾನ ಇರಲಿಲ್ಲ. ಯಾರು ಬೇಕಾದರೂ ಹೆಸರು ಕೊಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದಲೇ ಶುರು ಮಾಡಬೇಕಿತ್ತು. ಆಟಗಾರರನ್ನು ಸೇರಿಸಿಕೊಂಡ ಈವಿಲ್ ಜೀನಿಯಸಸ್‌ಗೂ ಅದೇ ಗತಿ. ಓಜಿ ಮೊದಲು ಯುರೋಪಿನ ಓಪನ್ ಸುತ್ತು, ನಂತರ ಪ್ರಾದೇಶಿಕ ಸುತ್ತು ದಾಟಿತು. ಜನ ಇದನ್ನು ಕಷ್ಟದ ದಾರಿ ಎಂದು ವರ್ಣಿಸುತ್ತಾರೆ. ಹೊಸ ತಂಡಕ್ಕೆ ಅದು ಒಂದು ಲೆಕ್ಕದಲ್ಲಿ ಅನುಕೂಲವೇ ಆಯಿತು: ಸೋತರೆ ಹೊರಗೆ ಎನ್ನುವ ಪಂದ್ಯಗಳನ್ನು ಸಾಲಾಗಿ ಆಡಿಯೇ ಅವರು ಒಬ್ಬರಿಗೊಬ್ಬರು ಹೊಂದಿಕೊಂಡರು.

ಮೂರನೇ ಓಜಿಯ ಜೋಡಣೆ ನೋಡಿ. ಅನಾ ಮರಳಿದರು, ಆದರೆ ಮಿಡ್‌ಗಲ್ಲ, ಕ್ಯಾರಿಗೆ. ಮಿಡ್‌ಗೆ ಫಿನ್ಲೆಂಡಿನ ಟೋಪಿಯಾಸ್ ಟಾವಿಟ್ಸೈನೆನ್ ಅಂದರೆ ಟಾಪ್ಸನ್. ಅಲ್ಲಿಯವರೆಗೆ ದೊಡ್ಡ ವೇದಿಕೆಯ ಮೇಲೆ ಆಡಿಯೇ ಇರಲಿಲ್ಲ. ಆಫ್‌ಲೇನ್ ಸೆಬ್, 4ನೇ ಸ್ಥಾನ ಜೆರಾಕ್ಸ್. ಕ್ಯಾರಿಯಾಗಿ ಹೆಸರು ಮಾಡಿದ್ದ ನೋಟೇಲ್ ತಾವೇ 5ನೇ ಸ್ಥಾನಕ್ಕೆ ಇಳಿದು ನಾಯಕರಾದರು. ಓಜಿ ಕುರಿತ ಬರಹಗಳಲ್ಲಿ ಈ ಕೊನೆಯ ಬದಲಾವಣೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ಯಾರಿ ಆಡಿ ಗೊತ್ತಿದ್ದವರು ಸಪೋರ್ಟ್ ಆದಾಗ ಎದುರಾಳಿ ಕ್ಯಾರಿಗೆ ಯಾವ ನಿಮಿಷದಲ್ಲಿ ಯಾವ ವಸ್ತು ಬೇಕು, ಅದಕ್ಕೆ ಎಷ್ಟು ಚಿನ್ನ ಬಾಕಿ, ಈಗ ಅವರು ಕಾಡಿನ ಯಾವ ಮೂಲೆಯಲ್ಲಿರಬೇಕು ಎಂಬ ಲೆಕ್ಕ ತಲೆಯಲ್ಲೇ ಇರುತ್ತದೆ.

ಈಗ ಅಸಲು ವಿಷಯ. ಈ ತಂಡ ಬೇರೆಯವರಿಗಿಂತ ಭಿನ್ನವಾಗಿದ್ದದ್ದು ಮುಖ್ಯವಾಗಿ ಡ್ರಾಫ್ಟ್‌ನಲ್ಲಿ ಮತ್ತು ಬೈಬ್ಯಾಕ್‌ನಲ್ಲಿ.

ಡ್ರಾಫ್ಟ್ ಎಂದರೆ ಆಟಕ್ಕೆ ಮುಂಚೆ ಹೀರೋಗಳನ್ನು ಸರದಿಯಂತೆ ನಿಷೇಧಿಸಿ, ಆರಿಸುವ ಹಂತ. ಎರಡೂ ಕಡೆಗೆ ಐದೈದು ಆಯ್ಕೆ. ಮೊದಲು ಆರಿಸಿದ ಹೀರೋ ಯಾವ ಲೇನ್‌ಗೆ ಹೋಗುತ್ತದೆ ಎಂದು ಎದುರಾಳಿಗೆ ಗೊತ್ತಾದರೆ ಅದಕ್ಕೆ ತಕ್ಕ ಮದ್ದನ್ನು ಆಮೇಲೆ ಆರಿಸುತ್ತಾರೆ. ಗೊತ್ತಾಗದಿದ್ದರೆ ಊಹೆ ಮಾಡಬೇಕು. ಓಜಿ ಈ ಊಹೆಯ ಭಾರವನ್ನು ಸದಾ ಎದುರಾಳಿಯ ತಲೆಗೆ ಕಟ್ಟುತ್ತಿತ್ತು. ಟೈನಿ, ಐಓ, ಮಂಕಿ ಕಿಂಗ್‌ನಂಥ ಹೀರೋಗಳನ್ನು ಮೊದಲೇ ತೆಗೆದುಕೊಂಡರೆ ಅವು ಎರಡು ಮೂರು ಪಾತ್ರಗಳಿಗೆ ಒಗ್ಗುತ್ತವೆ. ಅನಾಗೆ ಮಿಡ್ ಗೊತ್ತು, ನೋಟೇಲ್‌ಗೆ ಎಲ್ಲ ಪಾತ್ರವೂ ಗೊತ್ತು, ಟಾಪ್ಸನ್ ಬೇರೆ ಯಾರೂ ಮಿಡ್‌ಗೆ ತರದ ಹೀರೋಗಳನ್ನು ತರಬಲ್ಲರು. ಹಾಗಾಗಿ ಬೇರೆ ತಂಡ ಇದನ್ನೇ ನಕಲು ಮಾಡಿದಾಗ ಕೈಕೊಟ್ಟಿತು: ಹೀರೋ ಮೂರು ಕಡೆ ಹೋಗಬಲ್ಲದು ಎಂದರೆ ಸಾಲದು, ಆ ಮೂರು ಕಡೆಯೂ ಅದನ್ನು ಆಡಬಲ್ಲ ಆಟಗಾರರಿರಬೇಕು. ಇಲ್ಲದಿದ್ದರೆ ಮೂರನೇ ಆಯ್ಕೆಗೆ ಬರುವ ಹೊತ್ತಿಗೆ ಗುಟ್ಟು ರಟ್ಟು.

ಬೈಬ್ಯಾಕ್ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಹೀರೋ ಸತ್ತಾಗ ಚಿನ್ನ ಕೊಟ್ಟು ತಕ್ಷಣ ಎದ್ದು ಬರುವ ಸೌಲಭ್ಯವದು. ಒಮ್ಮೆ ಬಳಸಿದರೆ ಮತ್ತೆ 8 ನಿಮಿಷ ಸಿಗುವುದಿಲ್ಲ. ಆಗಿನ ವಾಡಿಕೆ ಏನೆಂದರೆ ಅದನ್ನು ಉಳಿತಾಯದಂತೆ ಕಾಪಾಡಿಕೊಳ್ಳುವುದು, ಆಟ 35-40 ನಿಮಿಷ ದಾಟಿದ ಮೇಲೆ ಕೋಟೆ ಕಾಯಲು ಮಾತ್ರ ಬಳಸುವುದು. ಮಧ್ಯದಲ್ಲಿ ಖರ್ಚು ಮಾಡಿದರೆ ಮುಂದಿನ ವಸ್ತು ಒಂದೆರಡು ನಿಮಿಷ ತಡವಾಗುತ್ತದಲ್ಲ. ಓಜಿ ಈ ಲೆಕ್ಕವನ್ನು ಬೇರೆ ತುದಿಯಿಂದ ಹಾಕಿತು. ದೊಡ್ಡ ಕಾದಾಟದಲ್ಲಿ ಎದುರಾಳಿ ತಮ್ಮ ಅಲ್ಟಿಮೇಟ್‌ಗಳನ್ನೆಲ್ಲ (ಹೀರೋಗಳ ಅತಿ ದೊಡ್ಡ ಶಕ್ತಿಗಳನ್ನು) ಸುರಿದು ಇಬ್ಬರನ್ನು ಕೊಂದಿದ್ದಾರೆ ಎನ್ನಿ. ಆ ಅಲ್ಟಿಮೇಟ್‌ಗಳಲ್ಲಿ ಹಲವು ಮತ್ತೆ ಸಿದ್ಧವಾಗಲು ಒಂದು ನಿಮಿಷಕ್ಕೂ ಮೇಲೆ ಬೇಕು. ಸತ್ತ ಇಬ್ಬರೂ ಆ ಕ್ಷಣದಲ್ಲೇ ಬೈಬ್ಯಾಕ್ ಮಾಡಿ, ಟಿಪಿ (ಟೆಲಿಪೋರ್ಟ್) ಹಾಕಿ ಅದೇ ಜಾಗಕ್ಕೆ ಮರಳಿದರೆ ಈಗ ಐವರಿಗೆ ಐವರು, ಆದರೆ ಎದುರಿನ ಐವರ ಕೈ ಖಾಲಿ. ಗೆದ್ದೆವೆಂದು ಟವರ್ ಹೊಡೆಯುತ್ತ ನಿಂತವರು ಓಡುವ ಹೊತ್ತಿಗೆ ತಡವಾಗಿರುತ್ತದೆ.

ತಪ್ಪುವುದು ಎಲ್ಲಿ? ಎದುರಾಳಿ ಕೊಂದ ಕೂಡಲೇ ಹಿಂದೆ ಸರಿದರೆ ಬೈಬ್ಯಾಕ್ ದಂಡ. ಎದ್ದುಬಂದವರು ಮತ್ತೆ ಸತ್ತರೆ ಇನ್ನೂ ಕೆಟ್ಟದ್ದು: ಚಿನ್ನವೂ ಹೋಯಿತು, ಬೈಬ್ಯಾಕೂ ಇಲ್ಲ, ಎದುರಾಳಿ ಆರಾಮವಾಗಿ ಬ್ಯಾರಕ್ಸ್ (ಕೋಟೆಯೊಳಗಿನ ಸೈನಿಕರ ಕಟ್ಟಡ) ಕೆಡವಬಹುದು. ಓಜಿ ಸೋತ ಆಟಗಳಲ್ಲಿ ಹಲವು ಹೀಗೇ ಬೇಗನೆ ಕುಸಿದವು. ಆದ್ದರಿಂದ ಇದು ಧೈರ್ಯದ ಪ್ರಶ್ನೆ ಎನ್ನುವುದಕ್ಕಿಂತ ಕಿವಿಯ ಪ್ರಶ್ನೆ. ಎದುರಿನವರ ಯಾವ ಶಕ್ತಿ ಖರ್ಚಾಯಿತು, ಯಾವುದು ಬಾಕಿ ಎಂದು ಸತ್ತವರು ಪರದೆ ನೋಡುತ್ತ ಕೂಗಬೇಕು, ಎರಡು ಸೆಕೆಂಡಿನಲ್ಲಿ ನಾಯಕ ಹೂಂ ಅಥವಾ ಬೇಡ ಎನ್ನಬೇಕು. ಎರಡೂ ಫೈನಲ್‌ಗಳಲ್ಲಿ ಆಟಗಾರರ ಬೂತ್ ಒಳಗಿನ ಮಾತುಕತೆಯನ್ನು ವಾಲ್ವ್ ಸಾಕ್ಷ್ಯಚಿತ್ರವಾಗಿ ಬಿಟ್ಟಿದೆ. ಅದರಲ್ಲಿ ಕೇಳಿಸಿಕೊಳ್ಳಬೇಕಾದದ್ದು ಇಂಥ ಮಾತುಗಳನ್ನು, ಕೊನೆಯ ಕಿರುಚಾಟವನ್ನಲ್ಲ.

ಮನಸ್ಸಿನ ತಯಾರಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕೌಂಟರ್ ಸ್ಟ್ರೈಕ್ ಎಂಬ ಇನ್ನೊಂದು ಕಂಪ್ಯೂಟರ್ ಆಟದ ಅಸ್ಟ್ರಾಲಿಸ್ ತಂಡದೊಂದಿಗೆ ಮೊದಲು ಕೆಲಸ ಮಾಡಿದ್ದ ಫಿನ್ಲೆಂಡಿನ ಕ್ರೀಡಾ ಮನಶ್ಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್ ಓಜಿಯೊಂದಿಗೂ ಇದ್ದರು. ಹಿಂದೆ ಬಿದ್ದಾಗ ಒಬ್ಬರನ್ನೊಬ್ಬರು ದೂರದೆ ಇರುವುದು ಡೋಟಾದಲ್ಲಿ ಸಣ್ಣ ಸಂಗತಿಯಲ್ಲ.

ಟಿಐ8 ನಡೆದದ್ದು 2018ರ ಆಗಸ್ಟ್‌ನಲ್ಲಿ, ವ್ಯಾಂಕೂವರ್‌ನ ರಾಜರ್ಸ್ ಅರೀನಾದಲ್ಲಿ. ಬಹುಮಾನ ನಿಧಿ 2 ಕೋಟಿ 55 ಲಕ್ಷ ಡಾಲರ್. ವಾಲ್ವ್ ಇಟ್ಟ ಮೂಲ ಮೊತ್ತ 16 ಲಕ್ಷ, ಉಳಿದದ್ದು ಅಭಿಮಾನಿಗಳು ಆಟದೊಳಗೆ ಕೊಂಡ ಬ್ಯಾಟಲ್ ಪಾಸ್ ಆದಾಯದ ಶೇ 25ರಿಂದ ಬಂದದ್ದು. ಓಜಿ ಅಪ್ಪರ್ ಬ್ರಾಕೆಟ್‌ನಿಂದ ಒಮ್ಮೆಯೂ ಕೆಳಗಿಳಿಯಲಿಲ್ಲ. ದಾರಿಯಲ್ಲಿ ಸಿಕ್ಕ ಈವಿಲ್ ಜೀನಿಯಸಸ್‌ನಲ್ಲಿ ಮೂವರು ಹಳೆಯ ಓಜಿಯವರೇ: ಫ್ಲೈ, ಎಸ್4, ಕ್ರಿಟ್. ಅಪ್ಪರ್ ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ಎದುರು 2-1, ಗ್ರ್ಯಾಂಡ್ ಫೈನಲ್‌ನಲ್ಲಿ ಮತ್ತೆ ಅವರೇ ಎದುರು. ಮೊದಲ ಆಟ ಓಜಿಗೆ, ಎರಡು ಮತ್ತು ಮೂರು ಎಲ್‌ಜಿಡಿಗೆ. ನಾಲ್ಕನೆಯದರಲ್ಲಿ ಓಜಿ ಹಿಂದಿತ್ತು. ಸೆಬ್ ಆಡುತ್ತಿದ್ದ ಆಕ್ಸ್ ಎಂಬ ಹೀರೋ ಬ್ಲಿಂಕ್ ಡ್ಯಾಗರ್ ಎಂಬ ವಸ್ತುವಿನಿಂದ ಹಾರಿ ಬರ್ಸರ್ಕರ್ಸ್ ಕಾಲ್ ಎಂಬ ಶಕ್ತಿ ಬಳಸಿ ಎದುರಾಳಿಗಳನ್ನು ಹಿಡಿದಿಟ್ಟ ಆ ಜಿಗಿತ ಇಂದಿಗೂ ವೀಕ್ಷಕ ವಿವರಣೆಗಾರರ ಕೂಗಿನೊಂದಿಗೆ ಓಡಾಡುತ್ತಿದೆ. ಐದನೆಯ ಆಟವೂ ಓಜಿಗೆ. 3-2. ಮೊದಲ ಬಹುಮಾನ 1 ಕೋಟಿ 12 ಲಕ್ಷ ಡಾಲರ್.

ಇಲ್ಲಿ ಅದೃಷ್ಟದ ಪಾಲನ್ನು ಒಪ್ಪಬೇಕು. ಐದು ಆಟಗಳ ಫೈನಲ್ ಐದನೆಯದಕ್ಕೆ ಹೋಗಿದೆ, ನಾಲ್ಕನೆಯದು ಒಂದು ಜಿಗಿತದ ಮೇಲೆ ನಿಂತಿದೆ. ಎಲ್‌ಜಿಡಿ ಗೆದ್ದಿದ್ದರೂ ಯಾರೂ ಅಚ್ಚರಿಪಡುತ್ತಿರಲಿಲ್ಲ. 2018ರ ಗೆಲುವು ಒಂದೇ ಇದ್ದಿದ್ದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬೇರೆಯಿರುತ್ತಿತ್ತು.

2019 ಆ ಅನುಮಾನವನ್ನು ತೆಗೆದುಹಾಕುತ್ತದೆ, ಆದರೂ ವಿಚಿತ್ರವಾಗಿ. ಅನಾ ಮತ್ತೆ ವಿಶ್ರಾಂತಿಗೆ ಹೋದರು, ಸ್ವೀಡನ್ನಿನ ಪಾಯ್ಕಟ್ ಬಂದು ಹೋದರು, ಫಲಿತಾಂಶಗಳು ಸಪ್ಪೆ. ಅನಾ ಮರಳಿದ್ದು ವಸಂತದಲ್ಲಿ. ಆ ಋತುವಿನ ಐದು ಮೇಜರ್‌ಗಳಲ್ಲಿ ಸೀಕ್ರೆಟ್ ಎರಡು, ವಿಸಿ ಗೇಮಿಂಗ್ ಎರಡು, ವರ್ಟಸ್ ಪ್ರೊ ಒಂದು ಗೆದ್ದವು, ಓಜಿ ಸೊನ್ನೆ. ಹಾಗಾಗಿ ಓಜಿ 2019ರ ಅತ್ಯುತ್ತಮ ತಂಡ ಎಂದರೆ ನಾನು ಒಪ್ಪುವುದಿಲ್ಲ. ವರ್ಷದ ತಂಡ ಸೀಕ್ರೆಟ್ ಅಥವಾ ವಿಸಿ. ಓಜಿ ಆ ಆಗಸ್ಟ್‌ನ ತಂಡ. ಎರಡಕ್ಕೂ ವ್ಯತ್ಯಾಸವಿದೆ, ಮತ್ತು ಬಹುಮಾನ ಇದ್ದದ್ದು ಆಗಸ್ಟ್‌ನಲ್ಲಿ.

ಶಾಂಘೈಯ ಟಿಐ9ರಲ್ಲಿ ನಿಧಿ 3 ಕೋಟಿ 43 ಲಕ್ಷ ಡಾಲರ್. ಗುಂಪು ಹಂತದಲ್ಲಿ ಓಜಿ ಅಗ್ರಸ್ಥಾನ. ಮತ್ತೆ ಅಪ್ಪರ್ ಬ್ರಾಕೆಟ್ ಫೈನಲ್‌ನಲ್ಲಿ ಎಲ್‌ಜಿಡಿ ಎದುರು, ಅವರದೇ ನೆಲದಲ್ಲಿ, 2-1. ಗ್ರ್ಯಾಂಡ್ ಫೈನಲ್‌ಗೆ ಲೋವರ್ ಬ್ರಾಕೆಟ್ ಹತ್ತಿ ಬಂದದ್ದು ಲಿಕ್ವಿಡ್, ಮಿರಾಕಲ್ ಇದ್ದ ತಂಡ. ಮೊದಲ ಆಟ ಲಿಕ್ವಿಡ್ ಗೆದ್ದಿತು, ಮುಂದಿನ ಮೂರೂ ಓಜಿಗೆ. ಎರಡು ಬಾರಿ ಟಿಐ ಗೆದ್ದ ಮೊದಲ ತಂಡ ಅದು, ಅದೂ ಅದೇ ಐವರು ಸತತವಾಗಿ. ಪಾಲಿಗೆ ಬಂದದ್ದು 1 ಕೋಟಿ 56 ಲಕ್ಷ ಡಾಲರ್.

ಈ ಟೂರ್ನಿಯಲ್ಲಿ ಎಲ್ಲರೂ ಮಾತಾಡುವುದು ಅನಾ ಆಡಿದ ಕ್ಯಾರಿ ಐಓ. ಐಓ ಮೂಲತಃ ಸಪೋರ್ಟ್ ಹೀರೋ: ಟೆದರ್ ಎಂಬ ದಾರದಿಂದ ಜೊತೆಗಾರರಿಗೆ ಅಂಟಿಕೊಂಡು ಅವರಿಗೆ ಜೀವಬಲ ಹರಿಸುತ್ತದೆ, ಓವರ್‌ಚಾರ್ಜ್‌ನಿಂದ ಇಬ್ಬರ ದಾಳಿಯ ವೇಗ ಏರಿಸುತ್ತದೆ, ರಿಲೊಕೇಟ್‌ನಿಂದ ನಕ್ಷೆಯ ಯಾವ ಮೂಲೆಗಾದರೂ ಜೊತೆಗಾರರ ಸಮೇತ ಹಾರಿ ಕೆಲವೇ ಸೆಕೆಂಡುಗಳಲ್ಲಿ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ಅನಾ ಹೆಲ್ಮ್ ಆಫ್ ದಿ ಡಾಮಿನೇಟರ್ ಎಂಬ ವಸ್ತು ಕೊಂಡು ಕಾಡಿನ ಒಂದು ಪ್ರಾಣಿಯನ್ನು ವಶಪಡಿಸಿಕೊಂಡು ಅದಕ್ಕೇ ದಾರ ಕಟ್ಟುತ್ತಿದ್ದರು. ಜೊತೆಗಾರರಿಗೆ ಕಾಯುವ ಗೊಡವೆಯೇ ಇಲ್ಲ. ಒಂಟಿಯಾಗಿ ಫಾರ್ಮ್ (ಚಿನ್ನ ಗಳಿಕೆ), ಕರೆ ಬಂದರೆ ಎಲ್ಲಿಗಾದರೂ ಹಾಜರ್. ಡ್ರಾಫ್ಟ್‌ನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಐಓ ಮೊದಲೇ ಆರಿಸಿದರೆ ಅದು ಜೆರಾಕ್ಸ್‌ಗೋ ಅನಾಗೋ ತಿಳಿಯದೆ ಎದುರಾಳಿ ತಮ್ಮ ಎರಡನೆಯ, ಮೂರನೆಯ ಆಯ್ಕೆ ಮಾಡಬೇಕು. ನಿಷೇಧಿಸಿದರೆ ಒಂದು ನಿಷೇಧ ಖರ್ಚು. ಫೈನಲ್‌ನ ನಾಲ್ಕನೆಯ ಆಟದಲ್ಲಿ ಲಿಕ್ವಿಡ್ ಅದನ್ನು ಬಿಟ್ಟುಕೊಟ್ಟಿತು, ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು.

ಹಾಗಾದರೆ ಆಮೇಲೆ ಯಾಕೆ ನಿಂತುಹೋಯಿತು? 2020ರ ಜನವರಿಯಲ್ಲಿ ಜೆರಾಕ್ಸ್ ನಿವೃತ್ತರಾದರು, ಅನಾ ವಿಶ್ರಾಂತಿಗೆ, ಸೆಬ್ ಹಿನ್ನೆಲೆಗೆ. ಸುಮೈಲ್, ಮಿಡ್‌ಒನ್, ಸಕ್ಸಾ ಬಂದರು. ಹೆಸರುಗಳು ದೊಡ್ಡವೇ, ಆದರೆ ಮೇಲೆ ಹೇಳಿದ ಬೈಬ್ಯಾಕ್ ಲೆಕ್ಕವೂ ಪಾತ್ರ ಬದಲಿಸುವ ಡ್ರಾಫ್ಟೂ ಆ ಹಳೆಯ ಐವರ ತಲೆಯಲ್ಲಿದ್ದದ್ದು. ಕೋವಿಡ್‌ನಿಂದ ಟೂರ್ನಿಗಳು ಆನ್‌ಲೈನ್ ಆದವು, ಟಿಐ ಒಂದು ವರ್ಷ ಮುಂದಕ್ಕೆ ಹೋಯಿತು. ಇನ್ನೊಂದು ಕಾರಣ ಸರಳ: ಎಲ್ಲರೂ ಕಲಿತರು. ಮೊದಲೇ ಬೈಬ್ಯಾಕ್ ಮಾಡಿ ಕಾದಾಡುವುದು ಸಾಮಾನ್ಯ ಸಂಗತಿಯಾಯಿತು, ಪ್ಯಾಚ್‌ಗಳು (ಆಟದ ಹೊಸ ಪರಿಷ್ಕರಣೆಗಳು) ಕ್ಯಾರಿ ಐಓವನ್ನು ತಗ್ಗಿಸಿದವು. 2021ರ ಅಕ್ಟೋಬರ್‌ನಲ್ಲಿ ಬುಕಾರೆಸ್ಟ್‌ನ ಟಿಐ10ರಲ್ಲಿ ಓಜಿಯನ್ನು ಹೊರಹಾಕಿದ್ದು ಟೀಮ್ ಸ್ಪಿರಿಟ್. ಮುಂದೆ ಟ್ರೋಫಿ ಎತ್ತಿದ್ದೂ ಅವರೇ.

ನಾಲ್ಕನೇ ಓಜಿ ಪೂರ್ತಿ ಹುಡುಗರದು: ಯುರಾಗಿ, ಬಿಜ್‌ಎಂ, ಅಮ್ಮಾರ್, ಟೈಗಾ, ಮಿಶಾ. 2022ರ ಮೇನಲ್ಲಿ ಸ್ಟಾಕ್‌ಹೋಮ್ ಮೇಜರ್‌ಗೆ ಮಿಶಾ ಬರಲಾಗಲಿಲ್ಲ, ಸೆಬ್ ಬದಲಿಯಾಗಿ ಕೂತರು, ಗೆದ್ದರು. ಓಜಿ ಹೆಸರಿನಲ್ಲಿ ಐದನೆಯ ಮೇಜರ್. ಅದೇ ವರ್ಷ ಸಿಂಗಪುರದ ಟಿಐ11ರಲ್ಲಿ 7-8. 2023ರ ಟಿಐಗೆ ಅರ್ಹತೆಯೇ ಸಿಗಲಿಲ್ಲ.

ಇನ್ನು ನೋಡುವ ಕ್ರಮ. ಹಳೆಯ ರೀಪ್ಲೇ ಕಡತಗಳು ವಾಲ್ವ್ ಸರ್ವರ್‌ನಲ್ಲಿ ಸದಾಕಾಲ ಉಳಿಯುವುದಿಲ್ಲ, ಉಳಿಸಿಕೊಂಡಿದ್ದರೂ ಈಗಿನ ಆವೃತ್ತಿಯಲ್ಲಿ ಸರಿಯಾಗಿ ಓಡದೆ ಹೋಗಬಹುದು. ಆದ್ದರಿಂದ ಯೂಟ್ಯೂಬ್‌ನಲ್ಲಿರುವ ಪೂರ್ತಿ ಪ್ರಸಾರ ನೋಡಿ, ಹೈಲೈಟ್ಸ್ ಬೇಡ. ಡ್ರಾಫ್ಟ್ ಅದರಲ್ಲಿ ಇರುವುದೇ ಇಲ್ಲ. ವಸ್ತುಗಳ ಸಮಯ, ನೆಟ್‌ವರ್ತ್ (ಚಿನ್ನ ಮತ್ತು ವಸ್ತುಗಳ ಒಟ್ಟು ಬೆಲೆ) ನಕ್ಷೆಗೆ ಡೋಟಾಬಫ್ ಅಥವಾ ಓಪನ್‌ಡೋಟಾ ಜಾಲತಾಣದಲ್ಲಿ ಆ ಪಂದ್ಯದ ಪುಟ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಮೊದಲು 2017ರ ಕೀವ್ ಫೈನಲ್ ನೋಡಿ, ಹಳೆಯ ಶೈಲಿ ಏನೆಂದು ತಿಳಿಯಲು. ಅದರಲ್ಲಿ ನೋಟೇಲ್ ಕ್ಯಾರಿ ಆಡುವುದನ್ನು ಗಮನಿಸಿ. ನಂತರ ಟಿಐ8ರ ಅಪ್ಪರ್ ಫೈನಲ್, ಆಮೇಲೆ ಅದೇ ಎಲ್‌ಜಿಡಿ ಎದುರಿನ ಗ್ರ್ಯಾಂಡ್ ಫೈನಲ್ ಐದೂ ಆಟ. ಸೋತ ಎರಡನೆಯ, ಮೂರನೆಯ ಆಟ ಬಿಡಬೇಡಿ. ನಾಲ್ಕಕ್ಕೆ ಏನು ಬದಲಿಸಿದರು ಎಂಬುದು ಆಗ ಮಾತ್ರ ಕಾಣುತ್ತದೆ. ಟಿಐ9ರಲ್ಲಿ ಎಲ್‌ಜಿಡಿ ಸರಣಿ ಮತ್ತು ಫೈನಲ್ ಸಾಕು.

ನೋಡುವಾಗ ಕಾಗದದಲ್ಲಿ ಮೂರು ಕಲಂ ಹಾಕಿಕೊಳ್ಳಿ. ಒಂದರಲ್ಲಿ ಓಜಿಯ ಮೊದಲೆರಡು ಆಯ್ಕೆ ಮತ್ತು ಕೊನೆಗೆ ಅವು ಹೋದ ಲೇನ್. ಎರಡನೆಯದರಲ್ಲಿ 10ನೇ ನಿಮಿಷದ ನೆಟ್‌ವರ್ತ್ ವ್ಯತ್ಯಾಸ. ಮೂರನೆಯದರಲ್ಲಿ ಪ್ರತಿ ಬೈಬ್ಯಾಕ್‌ನ ನಿಮಿಷ ಮತ್ತು ಮುಂದಿನ 60 ಸೆಕೆಂಡಿನಲ್ಲಿ ಎರಡೂ ಕಡೆ ಸತ್ತವರ ಸಂಖ್ಯೆ. ಇದೇ ಕಾಗದವನ್ನು ಟಿಐ10ರ ಸ್ಪಿರಿಟ್ ಸರಣಿಗೂ ತುಂಬಿಸಿ. ಮೂರನೆಯ ಕಲಂನಲ್ಲಿ ಈ ಬಾರಿ ಸ್ಪಿರಿಟ್‌ನ ಬೈಬ್ಯಾಕ್‌ಗಳನ್ನೂ ಬರೆಯಿರಿ.